ಬೇಸಿಗೆಯಲ್ಲೂ ದಪ್ಪಗಿದ್ದ ಮೀನು

ನನಗೊಂದು ಕೆಟ್ಟ ಚಟವಿದೆ. ಯಾರನ್ನು ಕಂಡರೂ ಮೊದಲು ಅವರ ಉದ್ದ ಅಂದಾಜು ಮಾಡುತ್ತೇನೆ, ಆಮೇಲೆ ತೂಕ, ಆಮೇಲೆ ಮನಸ್ಸಿನಲ್ಲೇ ಒಂದು ಭಾಗಾಕಾರ. ಇಂದಿರಾನಗರದಲ್ಲಿ ಮೆಟ್ರೋ ಹತ್ತಿ ಕೆ.ಆರ್. ಪುರದಲ್ಲಿ ಇಳಿಯುವಷ್ಟರಲ್ಲಿ ಎದುರು ಸಾಲಿನಲ್ಲಿ ಕೂತ ಅಷ್ಟೂ ಜನರ ಮೈಕಟ್ಟಿನ ಲೆಕ್ಕ ಮುಗಿದಿರುತ್ತದೆ. ಮದುವೆಮನೆಗೆ ಹೋದ ಹೆಂಗಸರು ಸೀರೆ ನೋಡುತ್ತಾರೆ, ಒಡವೆ ನೋಡುತ್ತಾರೆ, ಊಟದ ಎಲೆಯಲ್ಲಿ ಎಷ್ಟು ಬಗೆ ಬಂತು ಎಂದು ನೋಡುತ್ತಾರೆ. ನಾನು ಮದುಮಗನ ತೂಕವನ್ನು ಅವನ ಉದ್ದದ ಘನದಿಂದ ಭಾಗಿಸುತ್ತಾ ನಿಂತಿರುತ್ತೇನೆ. ಹಾಗೆ ನಿಂತಾಗ ನನ್ನ ಮುಖದ ಮೇಲೆ ಬಹಳ ಭಕ್ತಿ ಕಾಣಿಸುತ್ತದೆಯಂತೆ. ಇದು ನನ್ನ ಗಂಡ ಹೇಳಿದ್ದು.

ಲೆಕ್ಕವೇನೂ ಕಷ್ಟದ್ದಲ್ಲ. ಮೀನಿನ ತೂಕವನ್ನು ಗ್ರಾಮಿನಲ್ಲಿ ಬರೆದುಕೊಳ್ಳಬೇಕು. ಉದ್ದವನ್ನು ಸೆಂಟಿಮೀಟರಿನಲ್ಲಿ ಅಳೆದು ಅದನ್ನು ಅದರಿಂದಲೇ ಎರಡು ಸಲ ಗುಣಿಸಬೇಕು. ತೂಕವನ್ನು ಅದರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಒಂದರ ಆಸುಪಾಸಿನಲ್ಲಿ ಒಂದು ಅಂಕಿ ಬರುತ್ತದೆ. ಒಂದನ್ನು ದಾಟಿದರೆ ಅದು ಉಂಡು ತಿಂದು ಸುಖವಾಗಿರುವ ಮೀನು. ಒಂದಕ್ಕಿಂತ ಕೆಳಗಿಳಿದರೆ ಪಾಪ, ಯಾವುದೋ ಕಷ್ಟದಲ್ಲಿದೆ ಎಂದು ತಿಳಿಯಬೇಕು. ಮೀನು ನಮ್ಮ ಹಾಗೆ ಕಟ್ಟೆಯ ಮೇಲೆ ಕೂತು ಕಷ್ಟ ಹೇಳಿಕೊಳ್ಳುವುದಿಲ್ಲವಲ್ಲ, ಅದಕ್ಕೆ ಈ ಏರ್ಪಾಡು. ಮನುಷ್ಯರಿಗೂ ಈ ಲೆಕ್ಕ ಹಾಕಬಹುದು, ಹಾಕಬಾರದು ಅಷ್ಟೇ. ನನ್ನ ಗಂಡ ಈಗ ಎರಡರ ಹತ್ತಿರ ಬಂದಿದ್ದಾರೆ. ಮೀನಾಗಿದ್ದರೆ ಪ್ರದರ್ಶನದಲ್ಲಿ ಬಹುಮಾನ ಬರುತ್ತಿತ್ತು. ನನ್ನ ಅಂಕಿಯನ್ನು ಕೇಳಬೇಡಿ, ಹೇಳುವುದಿಲ್ಲ.

ಇದೆಲ್ಲ ಡಾಕ್ಟರುಗಳು ಮಾಡುವ ಕೆಲಸವಲ್ಲವೇ ಅಂದೀರಿ. ನಾನೂ ಡಾಕ್ಟರೇ. ಹೊರಮಾವಿನ ನಮ್ಮ ಮನೆಯ ಗೇಟಿನ ಮೇಲೆ ಹಿತ್ತಾಳೆ ಅಕ್ಷರದಲ್ಲಿ ಹಾಗೆಂದು ಬರೆದಿದೆ. ಕೆಳಗಿನ ಮನೆಗೆ ಬಾಡಿಗೆಗೆ ಬಂದ ಅಜ್ಜಿಯೊಬ್ಬರು ಅದನ್ನು ಓದಿಸಿಕೊಂಡು ಮೊದಲ ವಾರವೇ ಮೊಮ್ಮಗನನ್ನು ಎತ್ತಿಕೊಂಡು ಬಂದಿದ್ದರು. ಮಗುವಿಗೆ ಮೂರು ದಿನದಿಂದ ಭೇದಿ. ನಾನು ಮೀನಿನ ಡಾಕ್ಟರು ಎಂದೆ. ಅಜ್ಜಿ ಮಗುವಿನ ಮುಖ ನೋಡಿದರು, ನನ್ನ ಮುಖ ನೋಡಿದರು, "ಮೀನಿಗೂ ಭೇದಿ ಆಗತ್ತಾ" ಎಂದು ಕೇಳಿದರು. ಮೀನಿಗೆ ಔಷಧ ಕೊಡುವವಳಲ್ಲ, ಮೀನು ಏನು ತಿನ್ನುತ್ತದೆ, ಹೇಗೆ ಬೆಳೆಯುತ್ತದೆ ಎಂದು ಪುಸ್ತಕ ಬರೆದು ಡಾಕ್ಟರಾದವಳು ಎಂದು ವಿವರಿಸಿದೆ. "ಓ, ಓದಿದ್ದಕ್ಕೆ ಕೊಟ್ಟಿದ್ದಾ" ಎಂದು ಅವರು ಮಗುವನ್ನು ಎತ್ತಿಕೊಂಡು ಹೋದರು. ಆ ಮಾತಿನಲ್ಲಿದ್ದ ಕರುಣೆಯನ್ನು ನಾನು ಇವತ್ತಿಗೂ ಮರೆತಿಲ್ಲ.

ನನ್ನ ಅಜ್ಜಿಯೂ ಇಂಥವಳೇ. ಹೊರಮಾವು ಆಗ ಹಳ್ಳಿ. ಈಗ ಅಪಾರ್ಟ್‌ಮೆಂಟಿನ ಈಜುಕೊಳ ಇರುವ ಜಾಗದಲ್ಲಿ ನಮ್ಮ ಕೊಟ್ಟಿಗೆ ಇತ್ತು, ಕೊಟ್ಟಿಗೆಯಲ್ಲಿ ನಾಲ್ಕು ಹಸು. ಅಜ್ಜಿ ದಿನಾ ಸಂಜೆ ಕಡಲೆಕಾಯಿ ಹಿಂಡಿಯನ್ನು ಬಕೆಟ್ಟಿನಲ್ಲಿ ನೆನೆಹಾಕಿ, ತೌಡು ಬೆರೆಸಿ, ತೋಳು ಮುಳುಗುವವರೆಗೆ ಕೈ ಹಾಕಿ ಕಲಸುತ್ತಿದ್ದಳು. ನಾನು ಆ ಒಣ ಹಿಂಡಿಯ ಚೂರನ್ನು ಕದ್ದು ಬಾಯಿಗೆ ಹಾಕಿಕೊಂಡು ಚೀಪುತ್ತಿದ್ದೆ. ಮೊದಲು ಗಟ್ಟಿ, ಆಮೇಲೆ ಎಣ್ಣೆ ಎಣ್ಣೆ, ಕೊನೆಗೆ ಒಂದು ಸಣ್ಣ ಕಹಿ. ನಾನು ಆಗ ಎಲುಬಿನ ಹಂದರ. ಅಜ್ಜಿ ಬೈಯುತ್ತಿರಲಿಲ್ಲ. "ತಿನ್ನಲಿ ಬಿಡು, ಹಸುಗೆ ಹತ್ತಿದ್ದು ಇವಳಿಗೂ ಹತ್ತಲಿ" ಎನ್ನುತ್ತಿದ್ದಳು. ಆ ವಾಸನೆ ಮೂಗಿನಲ್ಲಿ ಹೇಗೆ ಕೂತಿದೆಯೆಂದರೆ, ನನ್ನನ್ನು ಕಣ್ಣು ಕಟ್ಟಿ ಎಲ್ಲಿಗೆ ಕರೆದುಕೊಂಡು ಹೋದರೂ ಹಿಂಡಿ ಇರುವ ಮನೆಯನ್ನು ಹೇಳಬಲ್ಲೆ. ಇಷ್ಟು ಒಳ್ಳೆಯ ಮೂಗನ್ನು ಇಟ್ಟುಕೊಂಡು ನಾನು ಮಾಡಿದ್ದೇನು ಎಂಬುದೇ ಈ ಕಥೆ.

ಎಂ.ಎಸ್ಸಿ. ಮುಗಿಸಿ ಸಂಶೋಧನೆಗೆ ಸೇರಿದೆ. ನನ್ನ ಮಾರ್ಗದರ್ಶಕರನ್ನು ಸಾರ್ ಎಂದೇ ಕರೆಯೋಣ, ಹೆಸರು ಬೇಡ. ಸಾರ್ ಕೊಟ್ಟ ವಿಷಯ ಹೊಳೆಯ ರೋಹು ಮೀನು: ಅದರ ಬೆಳವಣಿಗೆ, ಮೈಕಟ್ಟು, ಆಹಾರದ ಅಭ್ಯಾಸ. ಎರಡು ವರ್ಷ, ತಿಂಗಳು ತಿಂಗಳೂ ಮೀನು ಅಳೆಯಬೇಕು, ತೂಗಬೇಕು, ಹೊಟ್ಟೆ ಕೊಯ್ದು ಒಳಗೇನಿದೆ ನೋಡಬೇಕು. ರೋಹುವಿಗೆ ನಿಜವಾಗಿ ಹೊಟ್ಟೆಯೇ ಇಲ್ಲ, ಉದ್ದಾನುದ್ದ ಕರುಳು ಮಾತ್ರ. ಅದರ ಮುಂಭಾಗ ಸ್ವಲ್ಪ ಉಬ್ಬಿರುವುದನ್ನೇ ನಾವು ಹೊಟ್ಟೆ ಎಂದು ಮರ್ಯಾದೆಗೆ ಕರೆಯುತ್ತೇವೆ. ನಾನು ಹೊಳೆಗೆ ಹೋಗಲು ಗಂಟುಮೂಟೆ ಕಟ್ಟಿಕೊಂಡೆ. ಸಾರ್ ಕನ್ನಡಕ ತೆಗೆದು ಒರೆಸಿಕೊಂಡರು.

"ಹೊಳೆಗೆ ಯಾಕೆ ಹೋಗ್ತೀಯಮ್ಮ? ಹೊಳೆನೇ ದಿನಾ ಬೆಳಿಗ್ಗೆ ಹಲಸೂರಿಗೆ ಬರ್ತಿದೆ."

ಹಲಸೂರಿನಲ್ಲಿ ಮಾರ್ಕೆಟ್ಟಿನ ಪಕ್ಕದ ಗಲ್ಲಿಯೊಂದರಲ್ಲಿ ಸೆಲ್ವಿ ಅಕ್ಕನ ಮೀನಿನ ಅಂಗಡಿ. ಅಂಗಡಿಯೆಂದರೆ ಒಂದು ಕಡಪ ಕಲ್ಲು, ಐಸು ತುಂಬಿದ ಎರಡು ಥರ್ಮಾಕೋಲ್ ಡಬ್ಬ, ಒಂದು ತಕ್ಕಡಿ, ಮತ್ತೆ ಸೆಲ್ವಿ ಅಕ್ಕನ ಬಾಯಿ. ಅವಳು ಗಿರಾಕಿ ನೋಡಿ ತಮಿಳು, ಕನ್ನಡ, ಉರ್ದು ಬದಲಿಸುತ್ತಿದ್ದಳು. ಬೈಯುವುದಕ್ಕೆ ಮಾತ್ರ ಮೂರನ್ನೂ ಬೆರೆಸುತ್ತಿದ್ದಳು. ಒಪ್ಪಂದ ಹೀಗಾಯಿತು. ಗಿರಾಕಿ ಆರಿಸಿದ ಮೀನನ್ನು ಅವಳು ತೂಗುತ್ತಾಳೆ, ನಾನು ಬರೆದುಕೊಳ್ಳುತ್ತೇನೆ. ಕತ್ತರಿಸುವ ಮೊದಲು ನನ್ನ ಹಲಗೆಯ ಮೇಲೆ ಒಂದು ಗಳಿಗೆ ಮಲಗಿಸುತ್ತಾಳೆ, ನಾನು ಮೂತಿಯಿಂದ ಬಾಲದವರೆಗೆ ಅಳೆಯುತ್ತೇನೆ. ಕರುಳು ನನಗೆ, ಮೀನು ಗಿರಾಕಿಗೆ. ಶನಿವಾರ ಮಾತ್ರ ನಾನೇ ಒಂದು ಇಡೀ ಮೀನು ಕೊಳ್ಳಬೇಕು. ಸಂಶೋಧನೆಗೆ ಅದರಲ್ಲಿ ಬೇಕಾದದ್ದು ಕರುಳು ಮತ್ತು ಮೈಮೇಲಿನ ನಾಲ್ಕು ಹುರುಪೆ. ಉಳಿದದ್ದು ಎಲ್ಲಿಗೆ ಹೋಗಬೇಕು ಎಂಬುದನ್ನು ಸಾರ್ ಮೊದಲ ದಿನವೇ ತೀರ್ಮಾನಿಸಿದ್ದರು. ಅವರ ಮನೆಯವರು ಹುರಿಯುವುದರಲ್ಲಿ ಎತ್ತಿದ ಕೈ.

ಆ ಗಲ್ಲಿಯಲ್ಲಿ ಒಂದು ಪದ್ಧತಿಯಿತ್ತು. ಬಂದ ಗಿರಾಕಿ ಮೊದಲು ಕಿವಿರು ಎತ್ತಿ ನೋಡುತ್ತಾನೆ. ಆಮೇಲೆ ಹೊಟ್ಟೆಯನ್ನು ಹೆಬ್ಬೆರಳಿನಿಂದ ಒತ್ತುತ್ತಾನೆ. ಆಮೇಲೆ ಕೇಳುತ್ತಾನೆ, "ಹೊಳೆದಾ ಅಕ್ಕ?"

"ಹೊಳೆದೇ ಸಾ. ನೆನ್ನೆ ರಾತ್ರಿ ಹಿಡಿದಿದ್ದು."

ಕೇಳಿದವನು ನಂಬುತ್ತಿರಲಿಲ್ಲ, ಹೇಳಿದವಳೂ ನಂಬಲಿ ಎಂದು ಹೇಳುತ್ತಿರಲಿಲ್ಲ. ಊಟ ಆಯಿತಾ ಎಂದು ಕೇಳಿದರೆ ಆಯಿತು ಎನ್ನುವುದಿಲ್ಲವೇ, ಹಾಗೆ. ಈ ಊರಿನಲ್ಲಿ ಹೊಳೆಯೇ ಇಲ್ಲ. ಅದಕ್ಕೇ ಇಲ್ಲಿನ ಜನಕ್ಕೆ ಹೊಳೆಯ ಮೇಲೆ ಅಷ್ಟು ಪ್ರೀತಿ. ಕೊಳಚೆ ಕಾಲುವೆಯ ಪಕ್ಕ ಕಟ್ಟಿದ ಅಪಾರ್ಟ್‌ಮೆಂಟಿಗೆ ನದಿಯ ಹೆಸರಿಡುತ್ತಾರೆ, ಅದರ ಹನ್ನೆರಡನೇ ಮಹಡಿಯಲ್ಲಿ ಕೂತು ಹೊಳೆ ಮೀನಿನ ಸಾರು ತಿನ್ನುತ್ತಾರೆ, ನೀರಿಗೆ ಟ್ಯಾಂಕರಿಗೆ ಫೋನು ಮಾಡುತ್ತಾರೆ. ಎರಡು ವರ್ಷದಲ್ಲಿ ಸಾವಿರ ಸಲ ಆ ಪ್ರಶ್ನೆ, ಸಾವಿರ ಸಲ ಆ ಉತ್ತರ ನನ್ನ ಎದುರೇ ನಡೆದಿರಬೇಕು. ಆ ಉತ್ತರವನ್ನು ನೋಟ್ ಪುಸ್ತಕದಲ್ಲಿ ತಾರೀಖು ಹಾಕಿ ಬರೆದುಕೊಂಡವಳು ಒಬ್ಬಳೇ. ಅವಳಿಗೇ ಆಮೇಲೆ ಡಾಕ್ಟರೇಟ್ ಬಂತು.

ಮೊದಲ ತಿಂಗಳ ಮೊದಲ ಕರುಳನ್ನು ಲ್ಯಾಬಿನಲ್ಲಿ ಕೊಯ್ದ ಕ್ಷಣ ನನಗಿನ್ನೂ ನೆನಪಿದೆ. ಕತ್ತರಿ ಆಡಿಸಿದೆ, ಒಳಗಿನದು ಗಾಜಿನ ತಟ್ಟೆಗೆ ಬಿತ್ತು, ಎದ್ದ ವಾಸನೆಗೆ ನಾನು ಎಂಟು ವರ್ಷದ ಹುಡುಗಿಯಾಗಿ ಹೊರಮಾವಿನ ಕೊಟ್ಟಿಗೆಯಲ್ಲಿ ನಿಂತುಬಿಟ್ಟೆ. ಕಡಲೆಕಾಯಿ ಹಿಂಡಿ. ಮೇಲೆ ತೌಡು. ಎಷ್ಟು ಖುಷಿಯಾಯಿತೆಂದರೆ ಅಜ್ಜಿಯನ್ನು ನೆನೆದು ಕಣ್ಣಲ್ಲಿ ನೀರು ಬಂತು. ಕಣ್ಣೀರು ಒರೆಸಿಕೊಂಡು ಪುಸ್ತಕದಲ್ಲಿ "ಕೊಳೆತ ಸಸ್ಯಭಾಗಗಳು" ಎಂದು ಬರೆದೆ. ಹೊಳೆಯ ದಂಡೆಯಲ್ಲಿ ಗದ್ದೆ ಇರುತ್ತದೆ, ಗದ್ದೆಯ ಹೊಟ್ಟು ನೀರಿಗೆ ಬೀಳುತ್ತದೆ, ಮೀನು ತಿನ್ನುತ್ತದೆ. ಹೊಳೆಯಲ್ಲಿ ಕಡಲೆಕಾಯಿ ಎಣ್ಣೆಯ ಗಾಣ ಯಾರು ಇಟ್ಟಿದ್ದಾರೆ ಎಂದು ನನ್ನ ಮೂಗು ಕೇಳಿತು. ಓದಿದವರ ಮನೆಯಲ್ಲಿ ಮೂಗಿನ ಮಾತು ಯಾರು ಕೇಳುತ್ತಾರೆ.

ಹುರುಪೆಗಳೂ ಹೇಳಲು ನೋಡಿದವು. ಮೀನಿನ ಹುರುಪೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮರದ ಕಾಂಡದ ಹಾಗೆ ಸುತ್ತು ಸುತ್ತು ಗೆರೆ ಕಾಣುತ್ತದೆ. ಮೇವು ಸಿಕ್ಕಿದ ತಿಂಗಳುಗಳಲ್ಲಿ ಗೆರೆಗಳು ದೂರ ದೂರ, ಹಸಿದ ತಿಂಗಳುಗಳಲ್ಲಿ ಒತ್ತೊತ್ತಾಗಿ. ನನ್ನ ಮೀನುಗಳಲ್ಲಿ ಒತ್ತೊತ್ತು ಗೆರೆಯೇ ಇರಲಿಲ್ಲ. ಹುಟ್ಟಿದಾಗಿನಿಂದ ಒಂದು ದಿನವೂ ಹಸಿದಿರದ ಮೀನು. ಮೈಕಟ್ಟಿನ ಅಂಕಿಯೂ ಹಾಗೆಯೇ, ಜನವರಿಯಲ್ಲಿ ಎಷ್ಟೋ ಮೇ ತಿಂಗಳಲ್ಲಿ ಅಷ್ಟೇ. ಸಾರ್ ಆ ಗ್ರಾಫನ್ನು ಗೋಡೆಗೆ ಅಂಟಿಸಿದರು. ನೆಟ್ಟಗೆ ಮಲಗಿದ ಗೆರೆ. "ಎಂಥಾ ಆರೋಗ್ಯವಾದ ಹೊಳೆ ನೋಡು" ಎಂದು ಬಂದವರಿಗೆಲ್ಲ ತೋರಿಸಿದರು. ನಾನು ಪಕ್ಕದಲ್ಲಿ ಆ ಹೊಳೆಯನ್ನು ನಾನೇ ಹೆತ್ತವಳ ಹಾಗೆ ನಿಂತಿರುತ್ತಿದ್ದೆ.

ಬರೆದು ಮುಗಿಯುವ ಹೊತ್ತಿಗೆ ಒಂದು ನಕ್ಷೆ ಬೇಕಾಯಿತು. ಮೀನು ಹಿಡಿದ ಜಾಗಕ್ಕೆ ಚುಕ್ಕಿ ಹಾಕಬೇಕಲ್ಲ. ನಾನು ಸೆಲ್ವಿ ಅಕ್ಕನ ಹತ್ತಿರ ಹೋಗಿ, ಅಕ್ಕ, ಯಾವ ಹೊಳೆ, ಯಾವ ಊರಿನ ಹತ್ತಿರ ಹಿಡಿಯುತ್ತಾರೆ, ಸ್ವಲ್ಪ ಹೇಳಿ ಎಂದೆ. ಅವಳು ಕತ್ತಿಯನ್ನು ಕಲ್ಲಿನ ಮೇಲಿಟ್ಟಳು.

"ಯಾವ ಹೊಳೆ ಮಾ?"

"ಈ ಮೀನು ಬರೋ ಹೊಳೆ."

"ಲಾರಿಯಲ್ಲಿ ಬರತ್ತೆ ಮಾ. ಆಂಧ್ರದಿಂದ. ಅಲ್ಲಿ ಎಕರೆ ಎಕರೆ ಕೊಳ ತೋಡಿದಾರೆ. ಗೋಣಿಚೀಲಕ್ಕೆ ತೂತು ಮಾಡಿ ತೌಡು ಹಿಂಡಿ ತುಂಬಿ ಬೊಂಬಿಗೆ ಕಟ್ಟಿ ನೀರಲ್ಲಿ ಇಳಿಬಿಡ್ತಾರೆ. ಮೀನು ಬಂದು ತೂತಲ್ಲಿ ಬಾಯಿ ಇಟ್ಕೊಂಡು ತಿಂತಾನೇ ಇರತ್ತೆ. ಹತ್ತು ತಿಂಗಳಲ್ಲಿ ಕೆ.ಜಿ. ಮೀನು."

"ಮತ್ತೆ ನೀವು ಹೊಳೆದು ಅಂತಿದ್ರಿ."

ಸೆಲ್ವಿ ಅಕ್ಕ ನನ್ನ ಮುಖ ನೋಡಿದಳು. ಅವಳಿಗೆ ನಗು ಬಂತು, ಆಮೇಲೆ ಗಾಬರಿಯಾಯಿತು. "ಅಯ್ಯೋ ಮಾ, ಗಿರಾಕಿ ಕೇಳ್ತಾರೆ, ನಾನು ಹೇಳ್ತೀನಿ. ನೀನು ಅದನ್ನ ಬರ್ಕೊಂಡ್ಬಿಟ್ಯಾ? ಓದಿದವಳು, ಹೊಟ್ಟೆಯೊಳಗೆಲ್ಲ ನೋಡ್ತಿದ್ಯಲ್ಲ, ನಿಂಗೆ ಗೊತ್ತಿರತ್ತೆ ಅನ್ಕೊಂಡಿದ್ದೆ." ಆ ದಿನ ಅವಳು ನನಗೆ ಒಂದು ಮೀನನ್ನು ಸುಮ್ಮನೆ ಕೊಟ್ಟಳು. ಪಾಪದವಳು, ತನ್ನಿಂದ ಏನೋ ಕೆಟ್ಟದ್ದಾಗಿದೆ ಎಂದು ಅವಳಿಗೆ ಅನಿಸಿತ್ತು.

ಸಾರ್ ಮುಂದೆ ಎಲ್ಲವನ್ನೂ ಹೇಳಿದೆ. ಎರಡು ವರ್ಷ ಹೋಗಲಿ, ಹೊಳೆಗೇ ಹೋಗಿ ಮತ್ತೆ ಅಳೆಯುತ್ತೇನೆ ಎಂದೆ. ಹೇಳುವಾಗ ನನ್ನ ದನಿ ನಡುಗುತ್ತಿತ್ತು. ಹಾಗೆ ಮಾಡು ಎಂದುಬಿಟ್ಟರೆ ಏನು ಗತಿ ಎಂದು ನಡುಗಿದ್ದೇ ಹೊರತು ತಪ್ಪಾಯಿತೆಂದಲ್ಲ. ಸಾರ್ ನಿಧಾನವಾಗಿ ಕನ್ನಡಕ ಒರೆಸಿಕೊಂಡರು.

"ಮೀನು ಮೀನೇ ತಾನೇ? ಆ ಕೊಳದ ನೀರು ಎಲ್ಲಿಂದ ಬಂತು? ಯಾವುದೋ ಕಾಲುವೆಯಿಂದ. ಕಾಲುವೆ ಎಲ್ಲಿಂದ? ಹೊಳೆಯಿಂದ. ಸುಮ್ನೆ ತಲೆ ಕೆಡಿಸ್ಕೋಬೇಡ. ನಕ್ಷೆಯಲ್ಲಿ ಕೃಷ್ಣಾ ನದಿ ಮೇಲೆ ಒಂದು ಚುಕ್ಕಿ ಹಾಕು."

ಹಾಕಿದೆ. ಚುಕ್ಕಿ ಸ್ವಲ್ಪ ದೊಡ್ಡದೇ ಆಯಿತು. ನನ್ನ ಮೌಖಿಕ ಪರೀಕ್ಷೆಯ ದಿನ ದೂರದ ಊರಿನಿಂದ ಬಂದ ಪರೀಕ್ಷಕರು ಆ ಪುಟವನ್ನು ತಿರುವಿ, ಕ್ಷೇತ್ರಕಾರ್ಯ ಬಹಳ ಶ್ರಮದ್ದಾಗಿರಬೇಕು ಎಂದರು. ಹೌದು ಸಾರ್, ಹಲಸೂರಿನಲ್ಲಿ ಪಾರ್ಕಿಂಗ್ ಸಿಗುವುದಿಲ್ಲ ಎಂದು ಹೇಳಲಿಲ್ಲ. ತಲೆ ತಗ್ಗಿಸಿದೆ. ವಿನಯವಂತೆ ಎಂದು ಬರೆದುಕೊಂಡರು.

ಹೀಗೆ ಡಾಕ್ಟರಾದ ಮೇಲೆ ಕೆ.ಆರ್. ಪುರದ ಕಡೆಯ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುವ ಕೆಲಸ ಸಿಕ್ಕಿತು. ಹದಿನಾಲ್ಕು ವರ್ಷವಾಯಿತು. ಪ್ರತಿ ವರ್ಷ ಸಿಹಿನೀರಿನ ಮೀನಿನ ಪಾಠ ಬಂದಾಗ ನನ್ನದೇ ನೋಟ್ಸ್ ಹಂಚುತ್ತೇನೆ. ಅದರಲ್ಲಿ ನನ್ನದೇ ಗ್ರಾಫು, ನೆಟ್ಟಗೆ ಮಲಗಿದ ಗೆರೆ. ಹೊಳೆಯ ರೋಹು ಬೇಸಿಗೆಯಲ್ಲೂ ಮೈ ಕಳೆದುಕೊಳ್ಳುವುದಿಲ್ಲ, ಎರಡು ಅಂಕದ ಪ್ರಶ್ನೆ. ಮೊದಮೊದಲು ಆ ಸಾಲು ಹೇಳುವಾಗ ಬಾಯಿ ಒಣಗುತ್ತಿತ್ತು. ಆಮೇಲೆ ಬೋರ್ಡಿನ ಕಡೆ ತಿರುಗಿ ಹೇಳಲು ಕಲಿತೆ. ಐದನೇ ವರ್ಷಕ್ಕೆ ನಾನೇ ನಂಬಿದೆ. ಸುಳ್ಳಿಗೂ ದಿನಾ ತೌಡು ಹಿಂಡಿ ಹಾಕುತ್ತಾ ಬಂದರೆ ಅದೂ ಮೈಕೈ ತುಂಬಿಕೊಳ್ಳುತ್ತದೆ, ಅದರಲ್ಲಿ ನನಗೆ ಈಗ ಸಂಶಯವಿಲ್ಲ.

ಎರಡು ವರ್ಷದ ಹಿಂದೆ ದೇವಮ್ಮ ಬಂದಳು. ರಾಯಚೂರು ಕಡೆ ಕೃಷ್ಣೆಯ ದಂಡೆಯ ಊರಿನವಳು. ಅಪ್ಪ ಅಲ್ಲಿ ಮೀನು ಹಿಡಿಯುತ್ತಿದ್ದವನು, ಇಲ್ಲಿ ಹೊರಮಾವಿನ ಅಪಾರ್ಟ್‌ಮೆಂಟುಗಳಿಗೆ ಗಾರೆ ಹಾಕುತ್ತಾನೆ. ರಾಮಮೂರ್ತಿ ನಗರದಲ್ಲಿ ಒಂದು ರೂಮು, ಅದರಲ್ಲಿ ಐದು ಜನ. ಮೊದಲ ದಿನ ಅವಳನ್ನು ಕಂಡಾಗ ನನ್ನ ಚಟ ತನ್ನ ಕೆಲಸ ಮಾಡಿತು. ಅಂಕಿ ಒಂದಕ್ಕೆ ಹತ್ತಿರ ಹತ್ತಿರ ಬಂದು ನಿಂತಿತು. ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದಳು, ಹೇಳಿದ ಪ್ರತಿ ಮಾತನ್ನೂ ಬರೆದುಕೊಳ್ಳುತ್ತಿದ್ದಳು. ಮೀನಿನ ಪಾಠದ ದಿನ ಮಾತ್ರ ಪೆನ್ನು ಕೆಳಗಿಟ್ಟು ಎದ್ದು ನಿಂತಳು.

"ಮೇಡಂ, ಬ್ಯಾಸಗ್ಯಾಗ ಹೊಳಿ ಮೀನ ಹಿಂಗ ಇರಂಗಿಲ್ರಿ. ನೀರ ಬತ್ತಿ ಮಡುವಿನ್ಯಾಗ ಸಿಕ್ಕೊಂಡಿರ್ತಾವ್ರಿ. ತಲಿ ಒಂದ ದೊಡ್ಡದು, ಮೈಯಾಗ ಏನೂ ಇರಂಗಿಲ್ರಿ."

ಕ್ಲಾಸು ನಕ್ಕಿತು. ನಾನೂ ನಕ್ಕೆ. ಮೇಷ್ಟ್ರು ನಕ್ಕರೆ ಪ್ರಶ್ನೆ ತಾನಾಗಿ ಕೂತುಕೊಳ್ಳುತ್ತದೆ ಎಂಬುದು ಹದಿನಾಲ್ಕು ವರ್ಷದ ಅನುಭವ. ದೇವಮ್ಮ ಕೂತಳು. ಆದರೆ ಕೊನೆಯ ವರ್ಷದ ಪ್ರಾಜೆಕ್ಟಿಗೆ ವಿಷಯ ಆರಿಸಿಕೊಳ್ಳುವಾಗ ಮತ್ತೆ ಬಂದು ನಿಂತಳು. ಬೇಸಿಗೆ ರಜೆಯಲ್ಲಿ ಊರಿಗೆ ಹೋಗುತ್ತಾಳಂತೆ. ಅವಳ ಕಾಕಾ ಇನ್ನೂ ಬಲೆ ಹಾಕುತ್ತಾನಂತೆ. ಹೊಳೆಯ ರೋಹು ಅಳೆದು ತೂಗಿ ತರುತ್ತಾಳಂತೆ. ಬೇಡ ಎನ್ನಲು ನನ್ನ ಹತ್ತಿರ ಕಾರಣವಿರಲಿಲ್ಲ. ಅವಳಿಗೆ ಈ ಪ್ರಾಜೆಕ್ಟಿನ ಅಂಕ ಬಹಳ ಮುಖ್ಯ ಎಂದು ಮಾತ್ರ ನೆನಪಿಸಿದೆ. ಒಳ್ಳೆಯ ಅಂಕ ಬಂದರೆ ಎಂ.ಎಸ್ಸಿ.ಗೆ ಶುಲ್ಕವಿಲ್ಲದ ಸೀಟು ಸಿಗುವ ಸಾಧ್ಯತೆಯಿತ್ತು. ಬರದಿದ್ದರೆ ಮದುವೆಗೆ ಹುಡುಗ ನೋಡಿಟ್ಟಿದ್ದರು.

ಜೂನ್ ತಿಂಗಳಲ್ಲಿ ಅವಳು ತಂದು ಮೇಜಿನ ಮೇಲಿಟ್ಟ ನೋಟ್ ಪುಸ್ತಕವನ್ನು ನಾನು ಬಿಡಿಸಿ ನೋಡಿದೆ. ನಲವತ್ತು ಮೀನು. ಟೈಲರ್ ಟೇಪಿನಿಂದ ಅಳೆದ ಉದ್ದ, ಊರಿನ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿದ ತೂಕ. ಪ್ರತಿ ಮೀನಿನ ಮುಂದೆ ಹಿಡಿದ ಮಡುವಿನ ಹೆಸರು. ಕರುಳಿನಲ್ಲಿ ಏನಿತ್ತು ಎಂಬ ಕಡೆ "ಕೆಸರು", "ಪಾಚಿ", "ಏನೂ ಇಲ್ಲ", "ಏನೂ ಇಲ್ಲ", "ಏನೂ ಇಲ್ಲ". ನಾಲ್ಕು ಹುರುಪೆಗಳನ್ನು ಸೆಲ್ಲೋಟೇಪಿನಲ್ಲಿ ಅಂಟಿಸಿದ್ದಳು. ಕಿಟಕಿಯ ಬೆಳಕಿಗೆ ಹಿಡಿದರೆ ಒತ್ತೊತ್ತಾದ ಗೆರೆಗಳು ಬರಿಗಣ್ಣಿಗೇ ಮಸುಕಾಗಿ ಕಂಡವು. ನಾನು ಭಾಗಾಕಾರ ಹಾಕುತ್ತಾ ಹೋದೆ. ಒಂದಕ್ಕಿಂತ ಕೆಳಗೆ. ಒಂದಕ್ಕಿಂತ ಕೆಳಗೆ. ಮತ್ತೂ ಕೆಳಗೆ. ಎರಡು ವರ್ಷ ಡಾಕ್ಟರೇಟ್ ಎಂದು ನಾನು ಮಾಡಬೇಕಿದ್ದ ಕೆಲಸವನ್ನು ಈ ಹುಡುಗಿ ಒಂದು ರಜೆಯಲ್ಲಿ, ಒಂದು ಟೈಲರ್ ಟೇಪಿನಲ್ಲಿ ಮಾಡಿಕೊಂಡು ಬಂದಿದ್ದಳು. ಹೊಟ್ಟೆಕಿಚ್ಚಾಯಿತು. ಇಷ್ಟು ವಯಸ್ಸಾದ ಮೇಲೆ ಸುಳ್ಳು ಯಾಕೆ ಹೇಳಲಿ, ಮೊದಲು ಆದದ್ದು ಹೊಟ್ಟೆಕಿಚ್ಚು, ಆಮೇಲೆ ಹೆದರಿಕೆ.

ಆ ತಿಂಗಳೇ ನನ್ನ ಬಡ್ತಿಯ ಸಂದರ್ಶನವಿತ್ತು. ನನ್ನ ಪ್ರಕಟಣೆಗಳ ಪಟ್ಟಿಯಲ್ಲಿ ಮೊದಲನೆಯದು ಆ ದಪ್ಪ ಮೀನು, ಎರಡನೆಯದೂ ಅದೇ, ಮೂರನೆಯದು ಅದರದೇ ಸಾರಾಂಶ. ಪ್ರಾಜೆಕ್ಟುಗಳನ್ನು ವಿಭಾಗದ ಕಪಾಟಿನಲ್ಲಿ ನನ್ನ ಥೀಸಿಸ್ಸಿನ ಪಕ್ಕದಲ್ಲೇ ಇಡುತ್ತಾರೆ. ಯಾರೂ ಓದುವುದಿಲ್ಲ, ನಿಜ. ಆದರೆ ಓದದೆ ಇರುವವರೂ ಗ್ರಾಫು ನೋಡುತ್ತಾರೆ.

"ದೇವಮ್ಮ, ಅಳತೆ ಸರಿಯಾಗಿ ಮಾಡಿದ್ಯಾ?"

"ಹೂನ್ರಿ ಮೇಡಂ. ಎರಡೆರಡ ಸಲ."

"ಟೈಲರ್ ಟೇಪು ಎಳೆದ್ರೆ ಹಿಗ್ಗತ್ತೆ. ಕಿರಾಣಿ ತಕ್ಕಡಿ ನಂಬೋ ಹಾಗಿಲ್ಲ. ಈ ಅಂಕಿಗಳು ತಪ್ಪಿರಬೇಕು. ನಾನು ಕೊಟ್ಟ ನೋಟ್ಸ್ ಪಕ್ಕದಲ್ಲಿ ಇಟ್ಕೊಂಡು ಇನ್ನೊಂದ್ಸಲ ನೋಡು."

ಇಷ್ಟೇ ನಾನು ಹೇಳಿದ್ದು. ಸುಳ್ಳು ಬರಿ ಎನ್ನಲಿಲ್ಲ. ಸಾರ್ ಕೂಡ ನನಗೆ ಸುಳ್ಳು ಬರಿ ಎಂದಿರಲಿಲ್ಲ. ನಮ್ಮ ಪರಂಪರೆಯಲ್ಲಿ ಆ ಮಾತನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಇನ್ನೊಂದು ಸಲ ನೋಡು ಎನ್ನುತ್ತೇವೆ. ದೇವಮ್ಮ ಪುಸ್ತಕದ ಮೇಲೆ ಕೈಯಿಟ್ಟಳು. ಏನೋ ಹೇಳುವವಳಿದ್ದಳು. ನಾನು ಹಾಜರಿ ಪುಸ್ತಕ ಬಿಡಿಸಿಕೊಂಡೆ. ಅವಳು ಪುಸ್ತಕ ಎತ್ತಿಕೊಂಡು ಹೋದಳು.

ಮಾರನೆಯ ವಾರ ಬಂದಳು. ಹೊಸ ಪುಸ್ತಕ, ನೀಲಿ ರಟ್ಟು, ಅಚ್ಚುಕಟ್ಟಾದ ಅಕ್ಷರ. ಅದೇ ನಲವತ್ತು ಮೀನು, ಅವೇ ಮಡುಗಳ ಹೆಸರು. ತೂಕ ಮಾತ್ರ ಬೇರೆ. ಎಲ್ಲವೂ ಒಂದನ್ನು ದಾಟಿದ್ದವು. ಕರುಳಿನ ಕಡೆ ನಲವತ್ತೂ ಸಾಲಿನಲ್ಲಿ "ಕೊಳೆತ ಸಸ್ಯಭಾಗಗಳು". ನನ್ನದೇ ಪದ. ಗ್ರಾಫಿನಲ್ಲಿ ನೆಟ್ಟಗೆ ಮಲಗಿದ ಗೆರೆ. ಆಂಧ್ರದ ಕೊಳದವರಿಗೆ ಒಂದು ಮೀನನ್ನು ಹೀಗೆ ಬೆಳೆಸಲು ಹತ್ತು ತಿಂಗಳು ಬೇಕು, ಮೂಟೆಗಟ್ಟಲೆ ಹಿಂಡಿ ಬೇಕು. ನಾನು ಒಂದೇ ಮಾತಿನಲ್ಲಿ ನಲವತ್ತು ಮೀನುಗಳನ್ನು ದಪ್ಪ ಮಾಡಿಸಿದ್ದೆ.

"ಸರಿ ಮಾಡ್ಕೊಂಡ ಬಂದೀನ್ರಿ ಮೇಡಂ" ಎಂದಳು. ಮುಖದಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ನಾಚಿಕೆಯಾಯಿತು. ಮೌಖಿಕ ಪರೀಕ್ಷೆಯ ದಿನವೂ ಆಗದಷ್ಟು, ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ಆಗದಷ್ಟು ನಾಚಿಕೆ. ನನ್ನ ಸುಳ್ಳಿನಲ್ಲಿ ಸೆಲ್ವಿ ಅಕ್ಕನ ಪಾಲಿತ್ತು, ಸಾರ್ ಪಾಲಿತ್ತು, ಲಾರಿಯವನ ಪಾಲಿತ್ತು. ಇದರಲ್ಲಿ ಇನ್ನೊಬ್ಬರ ಪಾಲು ಇರಲಿಲ್ಲ. ಬಾಗಿಲು ಮುಂದೆ ಮಾಡಿ ಅವಳನ್ನು ಕೂರಿಸಿದೆ.

"ಆ ಹಳೇ ಪುಸ್ತಕ ಎಲ್ಲಿ?"

"ಹರದ ಒಗದ್ನಿರಿ. ತಪ್ಪಂದ್ರಲ್ಲ ನೀವು."

"ಹುರುಪೆ ಅಂಟಿಸಿದ್ದೆಯಲ್ಲ?"

"ಅವೂ ಅದ್ರಾಗನ ಹೋದವ್ರಿ."

ಅಷ್ಟು ಹೊತ್ತಿಗೆ ಮಳೆ ಹಿಡಿದಿತ್ತು. ಅವಳ ಊರಿನ ಮಡುಗಳೆಲ್ಲ ತುಂಬಿ ಹೊಳೆ ಒಂದಾಗಿತ್ತು ಎಂದು ಅವಳೇ ಹೇಳಿದಳು. ಇನ್ನು ಅಳೆಯಬೇಕೆಂದರೆ ಮುಂದಿನ ಬೇಸಿಗೆ. ಮುಂದಿನ ಬೇಸಿಗೆಗೆ ಅವಳು ನಮ್ಮ ಕಾಲೇಜಿನಲ್ಲಿ ಇರುವುದಿಲ್ಲ. ನಾನು ಎಲ್ಲವನ್ನೂ ಹೇಳಿದೆ: ಹಲಸೂರು, ಲಾರಿ, ಗೋಣಿಚೀಲ, ನಕ್ಷೆಯ ಚುಕ್ಕಿ, ಎಲ್ಲ.

"ನೀನು ಮೊದಲು ಬರೆದಿದ್ದೇ ಸರಿ ದೇವಮ್ಮ. ನಿಮ್ಮ ಹೊಳೆ ಮೀನು ಬೇಸಿಗೆಯಲ್ಲಿ ಬಡಕಲೇ. ತಪ್ಪು ಇರೋದು ನನ್ನ ಥೀಸಿಸ್‌ನಲ್ಲಿ."

ಅವಳು ನೆಲ ನೋಡುತ್ತಾ ಕೇಳಿಸಿಕೊಂಡಳು. ಸಿಟ್ಟಾಗುತ್ತಾಳೆ, ಅಳುತ್ತಾಳೆ, ನೀವೆಂಥ ಮೇಡಂ ಎನ್ನುತ್ತಾಳೆ ಎಂದು ನಾನು ಕಾದೆ. ಏನಾದರೂ ಅಂದಿದ್ದರೆ ಸಮಾಧಾನವಾಗುತ್ತಿತ್ತು. ಕೊನೆಗೆ ಅವಳು ತಲೆಯೆತ್ತಿದಳು. ಕಣ್ಣಲ್ಲಿ ಹೆದರಿಕೆ ಇತ್ತು.

"ಹಂಗಾದ್ರ ಮಾರ್ಕ್ಸ್ ಕಡಿಮಿ ಮಾಡ್ತೀರೇನ್ರಿ ಮೇಡಂ?"

"ಇಲ್ಲ."

"ಖರೇನ್ರಿ?"

"ಖರೇ. ಕಡಿಮೆ ಮಾಡಲ್ಲ."

ದೇವಮ್ಮ ಉಸಿರು ಬಿಟ್ಟಳು. ನೀಲಿ ಪುಸ್ತಕವನ್ನು ನನ್ನ ಕಡೆ ಸರಿಸಿ, ಸಹಿ ಹಾಕಬೇಕಾದ ಜಾಗವನ್ನು ಬೆರಳಿಟ್ಟು ತೋರಿಸಿದಳು.